ಗಾಲಿಗೆ ಗಾಲಿ ಆದೇಶವಾದೀತೇ?



ಆಯುಷ್ಯದ ಬಹುಭಾಗವನ್ನು ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸುವದರಲ್ಲಿ ಕಳೆದ ನಮ್ಮಂಥ ನಿವೃತ್ತ ಶಿಕ್ಷಕರು ಮೋಟಾರ್ ಸೈಕಲ್ಲಿನ ಗಾಲಿಯ ವಿಷಯವಾಗಿ ಬರೆಯಹೊರಟರೆ ನಿಮಗೆ ನಗೆ ಬಂದರೂ ಬಂದೀತು. ಬರಲಿ. ಆದರೆ ಈ ವಿಷಯವನ್ನು ನಾವಾಗಿ ಹುಡುಕಿಕೊಂಡು ಹೋಗಿಲ್ಲ. ಅದೇ ನಮ್ಮ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಿತು, ಬಂದದ್ದು ಸುಮ್ಮನೆ ಹೋಗಲಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ಬಿಟ್ಟುಹೋದ ಒಂದಿಲ್ಲೊಂದು ಹಳೆಯ ಯಂತ್ರವಿರುತ್ತದೆ. ಅದರ ಒಂದು ಅಂಗ ಸವೆದಾಗ ಬೇರೊಂದರ ಅಂಗವನ್ನು ತಂದು ಕೂಡಿಸುವ ಆಸೆಯೂ ಹುಟ್ಟುತ್ತದೆ. ಆ ಆಸೆ ಎಲ್ಲಿಯವರೆಗೆ ಯೋಗ್ಯ, ಎಲ್ಲಿಂದ ಅಪಾಯ ಎಂಬದನ್ನು ನಾವು ತಕ್ಕ ಬೆಲೆ ತೆತ್ತು ಕಲಿತಿರುವೆವು. ಆ ಬೆಲೆಯನ್ನು ನೀವು ತೆರುವದು ಬೇಡವೆಂದೇ ಈ ತಿಂಗಳ ಬರಹ.

ನಮ್ಮ ಊರು ಆಳಂದ ತಾಲೂಕಿನ ಭೂಸನೂರ. ಸುತ್ತಲೂ ಎರೆಭೂಮಿ, ತೊಗರಿ, ಜೋಳ ಇಲ್ಲಿಯ ಹಳೆಯ ಬೆಳೆಗಳು. ಸಕ್ಕರೆಯ ಕಾರ್ಖಾನೆ ಬಂದ ಮೇಲೆ ಕಬ್ಬೂ ಸೇರಿತು. ನಮ್ಮ ತೀರ್ಥರೂಪರು ನಿಜಾಮರ ಆಳಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. 1948ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿ, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಕೂಡಿಕೊಂಡಿತು. ಅಂದಿನಿಂದ ಮೈಸೂರಿನಿಂದ ಬಂದುದೆಲ್ಲವೂ ಅವರಿಗೆ 'ನಮ್ಮ ರಾಜ್ಯದ್ದು'. ಸಾಬೂನಿನಿಂದ ಹಿಡಿದು ಗಂಧದೆಣ್ಣೆಯವರೆಗೆ ಈ ಅಭಿಮಾನ ಹಬ್ಬಿತ್ತು. 1968ರಲ್ಲಿ ತೊಗರಿ ಚೆನ್ನಾಗಿ ಬಂದಾಗ ಅವರು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್ಲನ್ನು ಕೊಂಡರು. ಆಗ ನಾವು ಮೂರು ವರ್ಷದ ಕೂಸು. ಪೆಟ್ರೋಲಿನ ಟಾಕಿಯ ಮೇಲೆ ನಮ್ಮನ್ನು ಕೂಡಿಸಿಕೊಂಡು ಅಗಸಿಯವರೆಗೆ ತಿರುಗಾಡಿಸುತ್ತಿದ್ದರೆಂದು ನಮ್ಮ ಮಾತೃಶ್ರೀಯವರು ಹೇಳುತ್ತಿದ್ದರು.

ಜಾವಾ ಎಂಬ ಹೆಸರಿನ ವ್ಯುತ್ಪತ್ತಿಯನ್ನು ಹೇಳದೆ ಮುಂದೆ ಹೋಗುವದು ನಮ್ಮ ಸ್ವಭಾವಕ್ಕೆ ಒಗ್ಗದು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲುಗಳನ್ನು ತಯಾರಿಸುವ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲಕ್ಷರವನ್ನೂ ವಾಂಡರರಿನ ಮೊದಲಕ್ಷರವನ್ನೂ ಕೂಡಿಸಿ 'ಜಾವಾ' ಎಂದನು. ನಮ್ಮ ವೈಯಾಕರಣರ ಪ್ರತ್ಯಾಹಾರಗಳ ನೆನಪು ತರುವ ಸಂಕ್ಷೇಪವಿದು! ಆ ಕಂಪನಿಯ ಅನುಮತಿಯಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ದಿ ಎಂಬ ಹೆಸರನ್ನು ಪಡೆದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಇಂದಿಗೂ ಜುಲೈ ತಿಂಗಳ ಎರಡನೆಯ ರವಿವಾರ ಈ ಗಾಡಿಗಳ ಪ್ರೇಮಿಗಳು ಒಟ್ಟುಗೂಡಿ ಉತ್ಸವ ಮಾಡುವದುಂಟು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳು, ಗೇರು ಹಾಕುವ ಸನ್ನೆಯನ್ನೇ ತಿರುವಿ ಕಿಕ್ ಹೊಡೆಯುವ ಚಮತ್ಕಾರ, ಸರಪಳಿಗೆ ಸುತ್ತಲೂ ಮುಚ್ಚಿಗೆ — ಇವುಗಳನ್ನು ಕಂಡವರು ಮರೆಯಲಾರರು. ಸೀರೆಯ ಸೆರಗಾಗಲಿ ಧೋತರದ ಚುಂಗಾಗಲಿ ಆ ಗಾಡಿಯ ಸರಪಳಿಗೆ ಸಿಕ್ಕುತ್ತಿರಲಿಲ್ಲ.

ತೀರ್ಥರೂಪರ ತರುವಾಯ ಆ ಗಾಡಿ ನಮ್ಮ ಅಣ್ಣನವರಿಗೆ ಬಂದಿತು. ಊರಿನ ಎಷ್ಟು ಮಂದಿ ರೋಗಿಗಳನ್ನು ಅವರು ಅದರ ಮೇಲೆ ಆಳಂದದ ದವಾಖಾನೆಗೆ ಮುಟ್ಟಿಸಿದರೋ ಲೆಕ್ಕವಿಲ್ಲ. 2011ರಲ್ಲಿ ಅಣ್ಣನವರು ತೀರಿಕೊಂಡರು. ಗಾಡಿ ಕೊಟ್ಟಿಗೆಯ ಮೂಲೆಗೆ ಸೇರಿತು. ಅವರ ಮಗ ಪುಣೆಯಲ್ಲಿಯ ನೌಕರಿಯನ್ನು ಬಿಟ್ಟು 2022ರಲ್ಲಿ ಒಕ್ಕಲುತನಕ್ಕೆ ಮರಳಿದಾಗ ಅದನ್ನು ಹೊರಗೆಳೆದು ಧೂಳು ಝಾಡಿಸಿದನು. ಇಂಜಿನು ಎರಡೇ ದಿನಗಳ ಶುಶ್ರೂಷೆಯಲ್ಲಿ ಉಸಿರಾಡಿತು. ಹಿಂದಿನ ಗಾಲಿ ನಡೆಯುವಂತಿತ್ತು. ಆದರೆ ಮುಂದಿನ ಗಾಲಿಯ ರಿಮ್ಮು ತುಕ್ಕು ಹಿಡಿದು ತೂತುಬಿದ್ದಿತ್ತು. 36 ಕಡ್ಡಿಗಳಲ್ಲಿ ಹನ್ನೊಂದು ಮುರಿದಿದ್ದವು. ಆ ಗಾಡಿಗೆ 16 ಅಂಗುಲದ ಗಾಲಿ. ಆ ಅಳತೆಯ ರಿಮ್ಮಾಗಲಿ ಟಾಯರಾಗಲಿ ಆಳಂದದಲ್ಲಿಯೂ ಕಲಬುರಗಿಯಲ್ಲಿಯೂ ನಾವು ಕೇಳಿದ ಅಂಗಡಿಗಳಲ್ಲಿ ದೊರೆಯಲಿಲ್ಲ.

ಹುಡುಗ ನಮ್ಮ ಹತ್ತಿರ ಬಂದು ಕೇಳಿದನು: "ಕಾಕಾ, ಗುಜರಿಯೊಳಗ ನೂರು ಸಿಸಿ ಗಾಡಿದು ಮುಂದಿನ ಗಾಲಿ ಅದ. ಹದಿನೆಂಟರ ಗಾಲಿ, ಛಲೋ ಅದ, ಅಗ್ಗಾನೂ ಅದ. ಅಲ್ಲೇ ಒಬ್ಬಾವ ಕೂಡಿಸಿ ಕೊಡ್ತೀನಿ ಅಂತಾನ. ಹಾಕಿಸಲೇನು?"

ಆಗ ನಾವು ಆಡಿದ ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. "ಗಾಲಿ ಅಂದರ ಗಾಲಿ. ದುಂಡಗ ಅದ, ತಿರಗತದ. ಹಾಕಿಸು" ಎಂದೆವು, ಹಣವನ್ನೂ ಕೊಟ್ಟೆವು. ತೀರ್ಥರೂಪರ ಗಾಡಿ ಮತ್ತೆ ಊರಲ್ಲಿ ಸದ್ದು ಮಾಡಲಿ ಎಂಬ ಮೋಹವು ನಮ್ಮ ವಿವೇಕಕ್ಕಿಂತ ಮುಂದೆ ಓಡಿತ್ತು.

ಗಾಲಿ ಕೂತಿತು. ಹೇಗೆ ಕೂತಿತು ಎಂದು ನಾವು ನೋಡಲಿಲ್ಲ. ಶ್ರಾವಣದಲ್ಲಿ ಒಂದು ದಿನ ಹುಡುಗ ಹೊಲದ ದಾರಿಯಿಂದ ಗಾಡಿಯನ್ನು ನೂಕುತ್ತ ಬಂದನು. ಎರೆಮಣ್ಣು ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ಅಲುಗಾಡದೆ ನಿಂತಿತ್ತು. ನಮ್ಮ ಭಾಗದ ಎರೆಯ ಗುಣ ನಿಮಗೆ ಗೊತ್ತೇ ಇದೆ: ಬೇಸಗೆಯಲ್ಲಿ ಮೊಳದುದ್ದ ಬಿರಿಯುವದು, ಮಳೆಯಲ್ಲಿ ಮೇಣದಂತೆ ಹಿಡಿಯುವದು. ಮುಂಚಿನ ಗಾಲಿಗೂ ಮಣ್ಣು ಹತ್ತುತ್ತಿತ್ತು. ಆದರೆ ಹೀಗೆ ಕಚ್ಚಿ ಹಿಡಿಯುತ್ತಿರಲಿಲ್ಲ. ಅದು ಮೊದಲನೆಯ ಎಚ್ಚರಿಕೆ. ನಾವು ಅದನ್ನು ಮಳೆಯ ತಪ್ಪೆಂದು ಭಾವಿಸಿದೆವು. ಹುಡುಗ ಮಡ್‌ಗಾರ್ಡನ್ನು ಸ್ವಲ್ಪ ಮೇಲಕ್ಕೆತ್ತಿ ಕಟ್ಟಿದನು, ಅಷ್ಟೆ.

ಆ ವರುಷದ ಎಳ್ಳಮಾಸಿ ಡಿಸೆಂಬರದಲ್ಲಿ ಬಂದಿತು. ನಮ್ಮ ಜಿಲ್ಲೆಯಲ್ಲಿ ಅದು ಎಂಥ ಹಬ್ಬವೆಂದು ಹೊರಗಿನವರಿಗೆ ಹೇಳಬೇಕು. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳನ್ನು ಬೆಳೆಯ ನಡುವೆ ಕುಳಿತು ಉಣ್ಣುವರು. ನಾವು ನೆರೆಯವರೊಡನೆ ಗಾಡಿ ಕಟ್ಟಿಕೊಂಡು ಹೋದೆವು. ನಮ್ಮ ಅತ್ತಿಗೆಯವರು ಮಗನ ಬೆನ್ನಿಗೆ ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಗಂಡನ ಕಾಲದ ಗಾಡಿಯೆಂದು ಅವರಿಗೂ ಸಂತೋಷವೇ. ಸಂಜೆ ಮರಳುವಾಗ ಕಬ್ಬಿನ ಹೇರು ಹೊತ್ತ ಟ್ರ್ಯಾಕ್ಟರೊಂದು ಮುಂದೆ ಇದ್ದಕ್ಕಿದ್ದಂತೆ ನಿಂತಿತು. ಅದರ ಹಿಂದೆ ದೀಪವಿರಲಿಲ್ಲ. ಹುಡುಗ ಎರಡೂ ಬ್ರೇಕುಗಳನ್ನು ಒತ್ತಿದನು. ಮುಂದಿನ ಗಾಲಿಯಲ್ಲಿ ಟಕ್ಕೆಂದು ಸಪ್ಪಳವಾಯಿತು. ಗಾಲಿ ಹಠಾತ್ತನೆ ಬಿಗಿದುಕೊಂಡು ಗಾಡಿ ಮಗ್ಗುಲಾಯಿತು. ವೇಗ ಹೆಚ್ಚಿಗೆ ಇರಲಿಲ್ಲವಾದುದರಿಂದ ಹುಡುಗನಿಗೆ ಮೊಣಕಾಲು ತೆರೆದದ್ದು ಮಾತ್ರ. ಅತ್ತಿಗೆಯವರು ನೆಲಕ್ಕೆ ಕೈಯೂರಿದರು. ಬಲ ಮಣಿಕಟ್ಟು ಮುರಿಯಿತು. ಮಗನ ತಲೆಯ ಮೇಲೆ ಶಿರಸ್ತ್ರಾಣವಿತ್ತು, ತಾಯಿಯ ತಲೆಯ ಮೇಲೆ ಸೆರಗು ಮಾತ್ರ. ಹಿಂದೆ ಕೂಡುವವರಿಗೂ ಹೆಲ್ಮೆಟ್ಟು ಕಡ್ಡಾಯವೆಂದು ನಮ್ಮ ರಾಜ್ಯದಲ್ಲಿ 2016ರಿಂದಲೇ ಜಾರಿಗೆ ಬಂದಿದೆ. ದೈವಯೋಗದಿಂದ ತಲೆಗೆ ಪೆಟ್ಟಾಗಲಿಲ್ಲ. ದೈವವು ಪ್ರತಿಸಲ ಬಿಡುವಾಗಿರುವದಿಲ್ಲ.

ಕಲಬುರಗಿಯ ದವಾಖಾನೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಅವರೆದುರು ನಾವು ತಲೆ ತಗ್ಗಿಸಿ ನಿಂತು, "ವೈನಿ, ತಪ್ಪು ಅವಂದಲ್ಲ, ನಂದು" ಎಂದೆವು. ಅವರು ಸಿಟ್ಟು ಮಾಡಲಿಲ್ಲ. "ನೀವು ಸಾಲಿ ಮಾಸ್ತರ್ರು. ಹುಡುಗರ ತಪ್ಪು ಕೆಂಪು ಮಸಿಲೆ ತಿದ್ದೀರಿ. ಇದನ್ನ ಯಾವ ಮಸಿಲೆ ತಿದ್ತೀರಿ ನೋಡ್ರಿ" ಎಂದರು. ಆ ಮಾತು ನಮ್ಮನ್ನು ಮೂರು ರಾತ್ರಿ ನಿದ್ದೆಗೆಡಿಸಿತು.

ನಾಲ್ಕನೆಯ ದಿನ ನಾವು ಕಲಬುರಗಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಳೆಯ ಮಿಸ್ತ್ರಿಯನ್ನು ಹುಡುಕಿ ಊರಿಗೆ ಕರೆತಂದು ಗಾಡಿಯನ್ನು ತೋರಿಸಿದೆವು. ಅವರು ಗಾಲಿಯನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಗೋಣಿತಟ್ಟಿನ ಮೇಲೆ ಇಡುತ್ತ ಪಾಠ ಹೇಳಿದರು. ನಾವು ಟಿಪ್ಪಣಿ ಬರೆದುಕೊಂಡೆವು. ಗಾಲಿಯ ಅಂಗಗಳಿಗೆ ಅಮರಕೋಶದಲ್ಲಿ ನೇಮಿ, ನಾಭಿ, ಅಣಿ ಮೊದಲಾದ ಹೆಸರುಗಳಿವೆ. ಮೂವತ್ತು ವರ್ಷ ಅವುಗಳನ್ನು ಹುಡುಗರಿಗೆ ಕಂಠಪಾಠ ಮಾಡಿಸಿದ ನಾವು ಅವು ಪರಸ್ಪರ ಏನು ಕೆಲಸ ಮಾಡುತ್ತವೆಂಬದನ್ನು ಆ ದಿನ ಗೋಣಿತಟ್ಟಿನ ಮುಂದೆ ಕುಳಿತು ಅರಿತೆವು. ಆ ಪಾಠವನ್ನು ಕ್ರಮವಾಗಿ ನಿಮಗೆ ಒಪ್ಪಿಸುವೆವು.

ಮೊದಲನೆಯದು ಅಕ್ಷ, ಅಂದರೆ ಗಾಲಿಯ ನಡುವಿನ ಕಬ್ಬಿಣದ ಸಲಾಕೆ. ಒಂದು ಗಾಡಿಯ ನಾಭಿಯ ರಂಧ್ರವು ಇನ್ನೊಂದರ ಅಕ್ಷಕ್ಕೆ ಸರಿಯಾಗಿ ಹೊಂದದು. ನಮ್ಮ ಗಾಲಿಯಲ್ಲಿ ಆ ಸಂದನ್ನು ತುಂಬಲು ನಳಿಗೆಯ ತುಂಡನ್ನು ತೂರಿಸಿದ್ದರು. ಮಗ್ಗುಲಿನ ಅಂತರಕ್ಕೆ ಒಂದು ಕಡೆಗೆ ನಾಲ್ಕು, ಇನ್ನೊಂದು ಕಡೆಗೆ ಎರಡು ವಾಷರುಗಳು. ಹೀಗೆ ಮಾಡಿದ್ದರಿಂದ ಮುಂದಿನ ಗಾಲಿ ಹಿಂದಿನ ಗಾಲಿಯ ನೇರಕ್ಕೆ ಬರದೆ ಮಗ್ಗುಲಿಗೆ ಸರಿದಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಗಾಡಿಯ ಸಲುವಾಗಿಯೇ ಹುಟ್ಟಿರಬೇಕು. ಎರಡು ಗಾಲಿಗಳ ಮಗ್ಗುಲಿಗೆ ಉದ್ದನೆಯ ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಮನೆಯ ಹುಡುಗರೂ ಈ ದೋಷವನ್ನು ಕಂಡುಹಿಡಿಯಬಲ್ಲರು.

ಎರಡನೆಯದು ಎತ್ತರ. ಹಳೆಯ ಗಾಲಿಗೆ 3.25–16 ಅಳತೆಯ ಟಾಯರು. ರಿಮ್ಮಿನ 16 ಅಂಗುಲಕ್ಕೆ ಟಾಯರಿನ ಎತ್ತರ ಎರಡು ಸಲ ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 22.5 ಅಂಗುಲ. ಹೊಸದಾಗಿ ಹಾಕಿದ್ದು 2.75–18, ಅದರ ವ್ಯಾಸ ಸುಮಾರು 23.5 ಅಂಗುಲ. ನೋಡಲಿಕ್ಕೆ ಒಂದೇ ಅಂಗುಲ ಹೆಚ್ಚು. ಆದರೆ ಗಾಲಿಯ ಮೇಲ್ಭಾಗವು ಮಡ್‌ಗಾರ್ಡಿಗೆ ಅರ್ಧ ಅಂಗುಲ ಸಮೀಪವಾಯಿತು. ಎರೆಮಣ್ಣು ಕಚ್ಚಿ ಹಿಡಿಯಲಿಕ್ಕೆ ಅಷ್ಟೇ ಸಾಕಾಯಿತು. ಗಾಡಿಯ ಮುಂಭಾಗವೂ ಅರ್ಧ ಅಂಗುಲ ಎತ್ತರಿಸಿ, ಮುಂದಿನ ಕವಲುಗಳ ಓರೆಯು ಸುಮಾರು ಅರ್ಧ ಡಿಗ್ರಿ ಹೆಚ್ಚಿತು. ಟಾಯರು ಸಪೂರಾದದ್ದರಿಂದ ಅದು ತಾಳುವ ಭಾರವೂ ಕಡಿಮೆ. ಹಗುರಾದ ಗಾಡಿಗೆಂದು ಮಾಡಿದ ಗಾಲಿಯ ಮೇಲೆ ಭಾರದ ಗಾಡಿ, ಅದರ ಮೇಲೆ ಇಬ್ಬರು!

ಇಲ್ಲಿ ಹಿಂದಿನ ಗಾಲಿಯ ಮಾತನ್ನೂ ಹೇಳಿಬಿಡುವೆವು. ಅದನ್ನು ಬದಲಿಸುವವರೂ ಇರುವರು. 16 ಅಂಗುಲದ ಬದಲು ಅದೇ ದಪ್ಪದ ಟಾಯರಿನ 18 ಅಂಗುಲದ ಗಾಲಿಯನ್ನು ಹಿಂದೆ ಹಾಕಿದರೆ ವ್ಯಾಸವು 22.5ರಿಂದ 24.5ಕ್ಕೆ ಏರುವದು, ಅಂದರೆ ಒಂದು ಸುತ್ತಿಗೆ ಗಾಡಿ ನೂರಕ್ಕೆ ಸುಮಾರು ಒಂಬತ್ತರಷ್ಟು ಹೆಚ್ಚು ದೂರ ಸಾಗುವದು. ವೇಗಮಾಪಕದ ಮುಳ್ಳು 50 ಎಂದು ತೋರಿಸುವಾಗ ನಿಜವಾದ ವೇಗ 54ಕ್ಕೂ ಮಿಕ್ಕಿರುವದು. ಏರಿನಲ್ಲಿ ಇಂಜಿನು ಏದುಸಿರು ಬಿಡುವದು. ನಡುವಿನ ಸ್ಟ್ಯಾಂಡು ಗಿಡ್ಡಾಗಿ ಗಾಲಿಯನ್ನು ನೆಲದಿಂದ ಎತ್ತಲಾರದು.

ಮೂರನೆಯದು ಬ್ರೇಕು. ಹಳೆಯ ಗಾಲಿಯ ಬ್ರೇಕಿನ ಡ್ರಮ್ಮು 160 ಮಿಲಿಮೀಟರು, ಹೊಸದು 130. ಡ್ರಮ್ಮು ಸಣ್ಣದಾಗಿ ಗಾಲಿ ದೊಡ್ಡದಾದರೆ ಹಿಡಿತವು ಎರಡೂ ಕಡೆಯಿಂದ ಸೋಲುವದು. ಬೀಸುವ ಕಲ್ಲಿನ ಗೂಟವನ್ನು ನಡುವಿನ ಹತ್ತಿರ ನೆಟ್ಟರೆ ತಿರುಗಿಸುವವಳ ಶ್ರಮ ಎಷ್ಟು ಹೆಚ್ಚುವದೆಂದು ಗೃಹಿಣಿಯರು ಬಲ್ಲರು, ಇದೂ ಹಾಗೆಯೇ. ನಾವು ಲೆಕ್ಕ ಹಾಕಿ ನೋಡಲಾಗಿ, ಪಟ್ಟಿಗಳು ಮೊದಲಿನಷ್ಟೇ ಬಲದಿಂದ ಒತ್ತಿದರೂ ನೆಲದ ಮೇಲೆ ಸಿಗುವ ತಡೆಯು ಐದರಲ್ಲೊಂದು ಪಾಲಿಗೂ ಮಿಕ್ಕಿ ಕಡಿಮೆಯಾಗಿತ್ತು.

ನಾಲ್ಕನೆಯದೇ ಅನರ್ಥದ ಮೂಲ. ಬ್ರೇಕು ಹಿಡಿದಾಗ ಡ್ರಮ್ಮು ತನ್ನೊಡನೆ ಬ್ರೇಕಿನ ಪ್ಲೇಟನ್ನೂ ತಿರುಗಿಸಲು ಹವಣಿಸುವದು. ಆ ಪ್ಲೇಟು ತಿರುಗದಂತೆ ಗಾಡಿಯ ಕವಲಿಗೆ ಅದನ್ನು ಭದ್ರವಾಗಿ ತಡೆದು ನಿಲ್ಲಿಸುವ ಏರ್ಪಾಡು ಇರಲೇಬೇಕು. ಪ್ರತಿಯೊಂದು ಗಾಡಿಯಲ್ಲಿ ಅದು ಬೇರೆ ಬೇರೆ ತೆರನಾಗಿರುವದು. ನಮ್ಮ ಗಾಡಿಯಲ್ಲಿ ಹಳೆಯ ಕವಲಿಗೂ ಹೊಸ ಪ್ಲೇಟಿಗೂ ಹೊಂದದ್ದರಿಂದ ಒಂದು ತೆಳ್ಳನೆಯ ಕಬ್ಬಿಣದ ಪಟ್ಟಿಯನ್ನು ಒಂದೇ ಬೋಲ್ಟಿನಿಂದ ಬಿಗಿದಿದ್ದರು. ಮೆಲ್ಲಗೆ ಹಿಡಿದಾಗಲೆಲ್ಲ ಅದು ತಾಳಿತು. ಬಲವಾಗಿ ಹಿಡಿದ ದಿನ ಬೋಲ್ಟು ಕತ್ತರಿಸಿ, ಪ್ಲೇಟು ಗಾಲಿಯೊಡನೆ ತಿರುಗಿ, ಬ್ರೇಕಿನ ತಂತಿಯು ಸುತ್ತಿಕೊಂಡು ಜಗ್ಗಿ, ಗಾಲಿ ಬಿಗಿದುಕೊಂಡಿತು. ಟಕ್ಕೆಂಬ ಆ ಸಪ್ಪಳ ಇದೇ.

ಮಿಸ್ತ್ರಿಯವರು ತುಂಡಾದ ಬೋಲ್ಟನ್ನು ನಮ್ಮ ಅಂಗೈಯಲ್ಲಿಟ್ಟು, "ಗಾಲಿ ತಿರಗತದೋ ಇಲ್ಲೋ ಅಂತ ನೋಡಬ್ಯಾಡ್ರಿ ಮಾಸ್ತರ್ ಸಾಬ್, ನಿಂದರತದೋ ಇಲ್ಲೋ ಅಂತ ನೋಡ್ರಿ" ಎಂದರು.

ವಾಚಕರೇ, ಈ ಮಾತನ್ನು ಕೇಳಿದಾಗ ನಮಗೆ ನಮ್ಮ ಶಾಸ್ತ್ರವೇ ನೆನಪಾಯಿತು; ನಾಚಿಕೆಯೂ ಆಯಿತು. ವ್ಯಾಕರಣದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಬರುವದಕ್ಕೆ ಆದೇಶವೆನ್ನುವರು. ಕನ್ನಡ ಶಾಲೆಯ ಹುಡುಗರೆಲ್ಲ ಇದನ್ನು ಬಲ್ಲರು: ಮಳೆ ಮತ್ತು ಕಾಲ ಕೂಡಿ ಮಳೆಗಾಲವಾಗುವಾಗ ಕಕಾರಕ್ಕೆ ಗಕಾರವು ಆದೇಶ. ಗಕಾರವೇ ಏಕೆ, ದಕಾರ ಬಕಾರಗಳೇಕಲ್ಲ? ಕ-ಗಗಳೆರಡೂ ಕಂಠದಲ್ಲಿ ಹುಟ್ಟುವಂಥವು. ಆದುದರಿಂದ ಅದೇ ಅತ್ಯಂತ ಸಮೀಪದ್ದು. ಸ್ಥಾನದಲ್ಲಿ ಬರತಕ್ಕದ್ದು ಅಂತರತಮವಾಗಿರಬೇಕು, ಅಂದರೆ ದೊರೆಯುವವುಗಳಲ್ಲೆಲ್ಲ ಮೂಲಕ್ಕೆ ಹೆಚ್ಚು ಹತ್ತಿರದ್ದಾಗಿರಬೇಕು ಎಂಬದು ಪಾಣಿನಿಯ ನಿಯಮ. ಅಗ್ಗವಾದುದು ಎಂದಾಗಲಿ, ಮೊದಲು ಕೈಗೆ ಸಿಕ್ಕಿದುದು ಎಂದಾಗಲಿ ಆತನು ಹೇಳಿಲ್ಲ.

ಇನ್ನೊಂದು ನಿಯಮವೂ ಉಂಟು. ಆದೇಶವಾಗಿ ಬಂದದ್ದು ಮೂಲದಂತೆಯೇ ಅಧಿಕಾರವನ್ನು ಪಡೆಯುವದು. ಅಸ್ ಎಂಬ ಧಾತುವಿನ ಸ್ಥಾನದಲ್ಲಿ ಭೂ ಬಂದರೆ ಭೂವೂ ಧಾತುವೇ. ಇದಕ್ಕೆ ಸ್ಥಾನಿವದ್ಭಾವವೆಂದು ಹೆಸರು. ಆದರೆ ಪಾಣಿನಿಯು ಕೂಡಲೇ ಒಂದು ಕಟ್ಟು ಹಾಕಿದನು: ಅಕ್ಷರದ ಮೈಯನ್ನೇ ಅವಲಂಬಿಸಿದ ಕಾರ್ಯಗಳಲ್ಲಿ ಈ ಅಧಿಕಾರ ನಡೆಯದು. ಗಾಲಿಯ ವಿಷಯದಲ್ಲಿಯೂ ಇದೇ ನ್ಯಾಯ. ಹೊಸ ಗಾಲಿ ಹಳೆಯದರ ಸ್ಥಾನದಲ್ಲಿ ಕುಳಿತು 'ಗಾಲಿ' ಎಂಬ ಹೆಸರನ್ನು ಪಡೆದೀತು, ಉರುಳಲೂ ಉರುಳೀತು. ಆದರೆ ವ್ಯಾಸ, ಅಗಲ, ಡ್ರಮ್ಮು, ಅಕ್ಷ, ತಡೆ — ಮೈಯನ್ನವಲಂಬಿಸಿದ ಈ ಕಾರ್ಯಗಳಲ್ಲಿ ಅದು ಹಳೆಯದಾಗಲಾರದು. ಮೂವತ್ತು ವರ್ಷ ಇದನ್ನು ಕಪ್ಪು ಹಲಗೆಯ ಮೇಲೆ ಬರೆದ ನಾವು ಕೊಟ್ಟಿಗೆಯಲ್ಲಿ ಮರೆತೆವು. ಗಾಲಿ ಅಂದರ ಗಾಲಿ ಎಂದೆವು!

ಹೆಸರೊಂದೇ ಇದ್ದರೆ ಹೊಂದೀತೆಂದು ಭಾವಿಸುವದೂ ಭ್ರಮೆಯೇ. 2018ರ ನವಂಬರದಲ್ಲಿ ಜಾವಾ ಎಂಬ ಹೆಸರಿನಿಂದ ಹೊಸ ಗಾಡಿಗಳು ಪೇಟೆಗೆ ಬಂದವು. ಹುಡುಗ ಒಮ್ಮೆ ಅವುಗಳ ಗಾಲಿಯನ್ನು ಹಾಕಬಹುದೇ ಎಂದೂ ವಿಚಾರಿಸಿದ್ದನು. ಆ ಗಾಡಿಗೆ ಮುಂದೆ 18, ಹಿಂದೆ 17 ಅಂಗುಲದ ಗಾಲಿಗಳು. ಮುಂದಿನದಕ್ಕೆ ಡಿಸ್ಕ್ ಬ್ರೇಕು. ಅದನ್ನು ಹಿಡಿಯಲು ಹಳೆಯ ಕವಲಿನಲ್ಲಿ ಜಾಗವೇ ಇಲ್ಲ. ನಾಮಸಾಮ್ಯದಿಂದ ಶರೀರಸಾಮ್ಯ ಬರುವದಿಲ್ಲ. ಇದಕ್ಕೆ ಪ್ರತಿಯಾಗಿ, ಹಳೆಯ ಕಂಪನಿಯವರು ತಾವೇ ಒಂದು ಕಾಲಕ್ಕೆ 19 ಅಂಗುಲದ ಗಾಲಿಯನ್ನು ಬಿಟ್ಟು 1954ರ ಸುಮಾರಿಗೆ 16ಕ್ಕೆ ಬಂದರು. ಆದರೆ ಗಾಲಿಯೊಂದನ್ನೇ ಬದಲಿಸಲಿಲ್ಲ, ಚೌಕಟ್ಟು ಮತ್ತು ಹಿಂದಿನ ಸ್ಪ್ರಿಂಗಿನ ಏರ್ಪಾಡುಗಳನ್ನೆಲ್ಲ ಹೊಸದಾಗಿ ರಚಿಸಿದರು. ಬದಲಾವಣೆಯು ತಪ್ಪಲ್ಲ, ಒಂದನ್ನು ಬದಲಿಸಿ ಉಳಿದದ್ದನ್ನು ಮರೆಯುವದು ತಪ್ಪು.

ಕಾಯಿದೆಯ ಮಾತನ್ನೂ ಗೃಹಸ್ಥರು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಮೇರೆಗೆ, ನೋಂದಣಿಪತ್ರದಲ್ಲಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿಗಳ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಇನ್ನು 50 ವರ್ಷ ದಾಟಿದ ವಾಹನಗಳನ್ನು ಪುರಾತನ ವಾಹನವೆಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಮಾಡಿದೆ; ಅದಕ್ಕೆ ಗಾಡಿಯು ಮೂಲಸ್ವರೂಪದಲ್ಲಿ ಉಳಿದಿರಬೇಕೆಂಬದು ಮುಖ್ಯ ಕಟ್ಟಳೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸಲಿಕ್ಕಾಗದು ಎಂಬದನ್ನೂ ನೆನಪಿಡಬೇಕು.

ಹಾಗಾದರೆ ನಮ್ಮ ಗಾಡಿಯ ಗತಿಯೇನಾಯಿತು? ಮಿಸ್ತ್ರಿಯವರು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗಾಲಿಯನ್ನು ಎತ್ತಿ ನೋಡಿದರು. ನಾಭಿಯೂ ಡ್ರಮ್ಮೂ ಗಟ್ಟಿಯಾಗಿದ್ದವು. ಹಾಳಾಗಿದ್ದವು ರಿಮ್ಮು ಮತ್ತು ಕಡ್ಡಿಗಳು ಮಾತ್ರ. ಎಲ್ಲವನ್ನೂ ಎಸೆಯುವ ಕಾರಣವೇ ಇರಲಿಲ್ಲ! ಮೈಸೂರಿನ ಕಡೆಯ ಜಾವಾ ಪ್ರೇಮಿಗಳ ಪರಿಚಯದಿಂದ ಅದೇ 16 ಅಂಗುಲದ, 36 ರಂಧ್ರಗಳ ರಿಮ್ಮು ಮತ್ತು ಟಾಯರು ಪಾರ್ಸಲಿನಿಂದ ಬಂದವು. ಮಿಸ್ತ್ರಿಯವರು ಒಂದೊಂದಾಗಿ ಹೊಸ ಕಡ್ಡಿಗಳನ್ನು ಹೆಣೆದು, ಗಾಲಿಯನ್ನು ತಿರುವುತ್ತ ಓಲಾಟ ತೆಗೆದು ಬಿಗಿದರು. ಬೆರಳಿನಿಂದ ಮೀಟಿದರೆ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ನಾದ ಕೊಡಬೇಕು. ಸಡಿಲಾದ ಕಡ್ಡಿಯ ದನಿ ಜೋತುಬೀಳುವದು. ಹೊಸದಾಗಿ ಹೆಣೆದ ಗಾಲಿಯನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕೆಂದೂ ಹೇಳಿದರು. ನಮ್ಮ ಗುಜರಿಯ ಗಾಲಿಗೆ ತಗಲಿದ್ದಕ್ಕಿಂತ ಖರ್ಚು ಹೆಚ್ಚಾಯಿತು. ದವಾಖಾನೆಗೆ ತಗಲಿದ್ದಕ್ಕಿಂತ ಬಹಳ ಕಡಿಮೆ.

ಬೇರೆ ಗಾಲಿಯನ್ನು ಹಾಕಲೇಬೇಕಾದ ಪ್ರಸಂಗ ಯಾರಿಗಾದರೂ ಬಂದರೆ ಅವರು ಕೇಳಿಕೊಳ್ಳತಕ್ಕ ಪ್ರಶ್ನೆಗಳನ್ನು ಸಂಕ್ಷೇಪವಾಗಿ ಹೇಳುವೆವು. ಹಳೆಯ ನಾಭಿಯನ್ನೇ ಉಳಿಸಿಕೊಂಡು ರಿಮ್ಮನ್ನಷ್ಟೇ ಬದಲಿಸಬಹುದೇ? ಅಕ್ಷವು ತುಂಡು ನಳಿಗೆಗಳಿಲ್ಲದೆ ಸರಿಯಾಗಿ ಕೂಡುವದೇ? ಎರಡೂ ಗಾಲಿಗಳು ಒಂದೇ ದಾರದ ನೇರಕ್ಕೆ ಇವೆಯೇ? ಒಟ್ಟು ವ್ಯಾಸವೂ ಭಾರ ತಾಳುವ ಶಕ್ತಿಯೂ ಮೂಲದಷ್ಟೇ ಇವೆಯೇ? ಬ್ರೇಕಿನ ಪ್ಲೇಟನ್ನು ತಡೆದು ನಿಲ್ಲಿಸುವದು ಯಾವದು, ಅದು ಎಷ್ಟು ಗಟ್ಟಿ? ನೋಂದಣಿಯವರಿಗೆ ಒಪ್ಪಿಗೆಯಾಗುವದೇ? ಇವುಗಳಲ್ಲಿ ಒಂದಕ್ಕೆ ಉತ್ತರ ಬಾರದಿದ್ದರೂ ಗಾಡಿ ಕೊಟ್ಟಿಗೆಯಲ್ಲಿಯೇ ಇರಲಿ. ಗಾಡಿಯ ಮಾತಷ್ಟೇ ಅಲ್ಲ: ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದರ ರಬ್ಬರಿನ ಬಳೆಯನ್ನು ತುರುಕುವಾಗಲೂ, ಒಂದು ಅಳತೆಯ ಫ್ಯೂಜಿನ ಬದಲು ದಪ್ಪ ತಂತಿಯನ್ನು ಸುತ್ತುವಾಗಲೂ ಇದೇ ವಿವೇಕ ಬೇಕು. ಕಿಂಬಹುನಾ, ಕೂತಿತು ಎಂಬ ಮಾತ್ರಕ್ಕೆ ಹೊಂದಿತು ಎಂದಾಗುವದಿಲ್ಲ.

ಅತ್ತಿಗೆಯವರ ಎಲುಬು ಆರು ವಾರಗಳಲ್ಲಿ ಕೂಡಿತು. ಆದರೆ ಬಲಗೈ ಮೊದಲಿನಂತೆ ತಿರುಗದು. ಬೆಳಗಿನ ಜಾವ ಅವರು ಜೋಳದ ರೊಟ್ಟಿ ಬಡಿಯುವ ಸಪ್ಪಳವನ್ನು ನಲವತ್ತು ವರ್ಷ ಕೇಳುತ್ತ ಬಂದವರು ನಾವು. ಈಗ ಆ ಸಪ್ಪಳದಲ್ಲಿ ನಡುನಡುವೆ ಒಂದು ತಡೆ ಬೀಳುವದು. ಆ ತಡೆ ಬಿದ್ದಾಗಲೆಲ್ಲ ಓದುತ್ತಿರುವ ಪುಸ್ತಕದ ಸಾಲು ನಮಗೆ ತಪ್ಪುವದು. ಕೆಂಪು ಮಸಿಯಿಂದ ತಿದ್ದಲಾಗದ ತಪ್ಪು ಎಂದರೆ ಇದೇ.

ಮುಂದಿನ ಎಳ್ಳಮಾಸಿ ಬಂದಾಗ ಹುಡುಗ ಗಾಡಿಯನ್ನು ಒರಸಿ ಅಂಗಳದಲ್ಲಿ ನಿಲ್ಲಿಸಿದನು. ಎರಡು ಹೆಲ್ಮೆಟ್ಟುಗಳು ಹಿಡಿಗೆ ಜೋತಿದ್ದವು. ಅತ್ತಿಗೆಯವರು ಗಾಲಿಯನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ, "ಮಾಸ್ತರ್ರು ಮೊದಲ ಕೂತು ಹೋಗಿ ಬರಲಿ" ಎಂದರು. ನ್ಯಾಯವಾದ ಮಾತು. ನಾವು ಹೆಲ್ಮೆಟ್ಟನ್ನು ತಲೆಗೇರಿಸಿಕೊಂಡು ಅಗಸಿಯವರೆಗೆ ಹೋಗಿಬಂದೆವು, ನಡುವೆ ಎರಡು ಸಲ ಬ್ರೇಕು ಹಿಡಿಸಿ ನೋಡಿದೆವು. ಆ ಮೇಲೆ ಅವರು ಏರಿದರೋ ಇಲ್ಲವೋ ಎಂದು ಕೇಳುವಿರಾ? ಚರಗದ ಬುಟ್ಟಿಯನ್ನು ಮಗನ ಗಾಡಿಯ ಮೇಲೆ ಕಳಿಸಿ, ತಾವು ನೆರೆಯವರ ಚಕ್ಕಡಿಯಲ್ಲಿ ನಮ್ಮೊಡನೆ ಬಂದರು. ಅದಕ್ಕೆ ನಾವು ಯಾವ ವ್ಯಾಖ್ಯಾನವನ್ನೂ ಮಾಡಲಿಲ್ಲ. ಅಸ್ತು.